ಕಸಬೂ ಅಪ್ಪಣೆಚೀಟಿಯೂ

ಪೀಣ್ಯದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ಬಾಯ್ಲರಿಗೆ ಸೌದೆಯೊಡ್ಡಿದವನೊಬ್ಬನುಂಟು. ನೀರೆತ್ತುವ ಪಂಪು ತಡವರಿಸಿದರೆ, ಗಾಜಿನ ನಳಿಗೆಯಲ್ಲಿ ಮಟ್ಟವು ಇಳಿಯುವ ಮೊದಲೇ ಅವನು ಅದನ್ನು ದನಿಯಿಂದ ಅರಿಯಬಲ್ಲನು. ಆದರೂ ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗಿಬಿಟ್ಟಿರುವ ಅರ್ಹತಾಪತ್ರವು ಇನ್ನೊಬ್ಬನದು. ಅಂಥ ಪತ್ರವುಳ್ಳವನ ಉಸ್ತುವಾರಿಯಿಲ್ಲದೆ ಬಾಯ್ಲರನ್ನು ನಡೆಸಕೂಡದು. ಆ ಇನ್ನೊಬ್ಬನಿಗೆ ಇವನ ಮಗನ ವಯಸ್ಸು. ಸಂದೇಹ ಬಂದಾಗ “ಅಣ್ಣಾ, ಸ್ವಲ್ಪ ನೋಡಿ” ಎಂದು ಇವನನ್ನೇ ಕರೆಯುವನು.

ಸರ್ಕಾರವು ಹೀಗೆ ಕೈಗೂ ಕಸಬಿಗೂ ನಡುವೆ ಚೀಟಿಯೊಂದನ್ನು ಇಟ್ಟುದು ಕಾರಣವಿಲ್ಲದೆ ಅಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಹಲವರು ಮಡಿದರು; ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾಯಿದೆ ಹುಟ್ಟಿತು. ಅದರ ಸಂತತಿಯೇ 1923ರ ಕಾಯಿದೆ. ಅದರ ಸ್ಥಾನಕ್ಕೆ 2025ರಲ್ಲಿ ಹೊಸದು ಬಂದಿದೆ. ಸಿಡಿದ ಬಾಯ್ಲರು ಗೋಡೆಯಾಚೆ ಮಲಗಿದ ಕೂಸನ್ನೂ ಬಿಡದು. ಕೂಸು ಒಲೆಯವನ ಕೈಯನ್ನು ಪರೀಕ್ಷಿಸಲಾರದು. ಅದರ ಪರವಾಗಿ ಸರ್ಕಾರ ಪರೀಕ್ಷಿಸುವುದು. ಸಂವಿಧಾನದ 19ನೆಯ ಅನುಚ್ಛೇದವೂ ಇಷ್ಟವಾದ ವೃತ್ತಿಯನ್ನು ಹಿಡಿಯುವ ಹಕ್ಕನ್ನು ಪ್ರಜೆಗೆ ಕೊಟ್ಟು, ಅದಕ್ಕೆ ತಕ್ಕ ಅರ್ಹತೆಯನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿದೆ.

ಆದರೆ ಗೆರೆ ಎಳೆಯುವುದು ಎಲ್ಲಿ? ಈತನ ಮಗನು ವೈಟ್‌ಫೀಲ್ಡಿನಲ್ಲಿ ಬ್ಯಾಂಕುಗಳಿಗಾಗಿ ಸಾಫ್ಟ್‌ವೇರ್ ಬರೆಯುವನು. ಒಂದು ಸಾಲು ತಪ್ಪಿದರೆ ಸಾವಿರಾರು ಮನೆಗಳಿಗೆ ಸಂಬಳ ತಲುಪದೆ ಹೋದೀತು. ಆದರೂ ಅವನನ್ನು ಚೀಟಿ ಕೇಳುವ ಕಾಯಿದೆಯಿಲ್ಲ. ಅವನ ಕಛೇರಿಗೆ ತಂತಿಯೆಳೆದ ಗುತ್ತಿಗೆದಾರನಿಗೆ ಲೈಸೆನ್ಸು ಬೇಕು. ಬಾಗಿಲಿಗೆ ಕಾವಲುಗಾರನನ್ನು ಒದಗಿಸಿದ ಸಂಸ್ಥೆಗೆ 2005ರ ಕಾಯಿದೆಯಂತೆ ಲೈಸೆನ್ಸು ಬೇಕು. ಕಟ್ಟಡದ ನಕ್ಷೆಯ ಸಂಗತಿಯಂತೂ ವಿಚಿತ್ರ: 1972ರ ಕಾಯಿದೆ ಕಾಪಾಡುವುದು ಆರ್ಕಿಟೆಕ್ಟ್ ಎಂಬ ಹೆಸರನ್ನೇ ಹೊರತು ಆ ಕೆಲಸವನ್ನಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು! ಸದ್ದುಮಾಡಿ ಕೊಲ್ಲುವ ಕಸಬು ಸರ್ಕಾರದ ಕಣ್ಣಿಗೆ ಬೇಗ ಬೀಳುವುದು. ಸದ್ದಿಲ್ಲದೆ ಕೆಡಿಸುವುದು ಬಹುಕಾಲ ತಪ್ಪಿಸಿಕೊಳ್ಳುವುದು.

ತಂದೆಯೂ ಒಮ್ಮೆ ಪರೀಕ್ಷೆಗೆ ಕೂಡಲು ಹೊರಟದ್ದುಂಟು. ಅದಕ್ಕೆ ಬಾಯ್ಲರಿನ ಬಳಿ ದುಡಿದ ಕಾಲದ ದಾಖಲೆ ಬೇಕು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಾದರೋ ಹನ್ನೆರಡು ವರ್ಷವೂ ಅವನ ಹೆಸರಿನ ಮುಂದೆ ‘ಕೂಲಿ’ ಎಂದೇ ಬರೆದಿತ್ತು. ಹಾಗೆ ಬರೆದರೆ ಸಂಬಳ ಕಡಿಮೆ ಕೊಟ್ಟರೂ ನಡೆಯುವುದು. ಕಾಯಿದೆಯು ಕೇಳಿದುದು ಅನುಭವವನ್ನೇ, ಸುಳ್ಳಾಡಿದುದು ಪುಸ್ತಕ.

ಈ ವರ್ಷ ಮಗನು ಮತ್ತೊಂದು ಅರ್ಜಿಯನ್ನು ತುಂಬಿ, “ಅಪ್ಪಾ, ಇಲ್ಲಿ ರುಜು ಹಾಕಿ” ಎಂದು ಮುಂದಿಟ್ಟನು. ಬೆಳಗಿನ ಪಾಳಿಗೆ ಉಗಿಯೇರಿಸಬೇಕಾಗಿದ್ದುದರಿಂದ ತಂದೆಯು ಅದನ್ನು ಹಾಗೆಯೇ ಮಡಿಸಿಟ್ಟು, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದನು.