ಒಂದು ಬೋಲ್ಟಿನ ಪ್ರಸಂಗ

ಮೈಸೂರಿನ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚುವುದಕ್ಕೆ ಮುನ್ನ ನಿರ್ಮಿಸಿದ ಯೆಜ್ಡಿ ಗಾಡಿಗಳಲ್ಲೊಂದು, ಕಿಕ್ಕರೂ ಗೇರೂ ಒಂದೇ ಸನ್ನೆಗೋಲಿನಲ್ಲಿ ಅಡಗಿರುವ ಆ ವಿಲಕ್ಷಣ ವಾಹನ, ನನಗೆ ತೀರ್ಥರೂಪರಿಂದ ಪ್ರಾಪ್ತವಾದುದು. ಅದರ ಎಂಜಿನ್ನಿಗೆ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಜೀವಾಧಾರವಾದರೂ ಗೇರುಗಳಿಗೆ ಬೇರೆಯೇ ಎಣ್ಣೆ ಬೇಕಾಗುವುದರಿಂದ, ಅದನ್ನು ಬದಲಿಸಿಕೊಡಿರೆಂದು ಕಳೆದ ವಾರ ಬಡಾವಣೆಯ ಗ್ಯಾರೇಜೊಂದಕ್ಕೆ ಒಪ್ಪಿಸಿದೆನು.

ಹಳೆಯ ಎಣ್ಣೆಯನ್ನು ಬಸಿದ ತೂತನ್ನು ಮುಚ್ಚಲು ಎಂಜಿನ್ನಿನ ಅಲ್ಯುಮಿನಿಯಮ್ಮಿನ ಮೃದುವಾದ ಒಡಲಿಗೆ ಉಕ್ಕಿನ ಬೋಲ್ಟನ್ನು ಕೂಡಿಸುವಾಗ, ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಥ್ರೆಡ್ಡಿಗೆ ಥ್ರೆಡ್ ಹೊಂದಿತೆಂದು ಖಚಿತವಾದ ಮೇಲಲ್ಲದೆ ಸ್ಪ್ಯಾನರನ್ನು ಮುಟ್ಟಬಾರದೆಂಬುದು ಈ ವೃತ್ತಿಯ ಅಕ್ಷರಾಭ್ಯಾಸವಷ್ಟೆ. ಆದರೆ ಅಲ್ಲಿಯ ತರುಣನು ಕಿವಿಗೂ ಭುಜಕ್ಕೂ ನಡುವೆ ಮೊಬೈಲನ್ನು ಸಿಕ್ಕಿಸಿಕೊಂಡು, ಓರೆಯಾಗಿ ಕುಳಿತ ಬೋಲ್ಟನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ ಭೀಮಬಲದಲ್ಲಿ ಬಿಗಿದು, ಒಳಗಿನ ಥ್ರೆಡ್ಡನ್ನೆಲ್ಲ ಸವರಿಹಾಕಿ, ಮೇಲೆ ಯಾವುದೋ ಅಂಟು ಮೆತ್ತಿ, ಗಾಡಿಯನ್ನು ಚೆನ್ನಾಗಿ ಒರೆಸಿ ಕೊಟ್ಟನು. (ಒರೆಸುವುದರಲ್ಲಿ ಮಾತ್ರ ಅವನ ಶ್ರದ್ಧೆ ಪ್ರಶಂಸನೀಯ.) ಮರುದಿನ ಅಂಗಳದಲ್ಲಿ ಎಣ್ಣೆಯ ಮಡು. ವಿಚಾರಿಸಲು ಹೋದರೆ ಮಾಲೀಕರು ತಲೆಯೆತ್ತದೆಯೇ, “ಹಳೇ ಗಾಡಿ ಅಲ್ವಾ ಸಾರ್, ಹಿಂಗೇ ಆಗೋದು” ಎಂದರು.

ಮೂರು ದಶಕಗಳ ಕಾಲ ತೊಟ್ಟು ಎಣ್ಣೆಯನ್ನೂ ಸುರಿಸದಿದ್ದ ಗಾಡಿಗೆ ಮುದಿತನವು ಅವರ ಅಂಗಡಿಯಲ್ಲಿಯೇ, ಅದೂ ಆ ಅರ್ಧ ಗಂಟೆಯಲ್ಲಿಯೇ ಒದಗಿದುದು ನನಗೆ ಬಹಳ ಸೋಜಿಗವೆನಿಸಿತು. ಕೊಟ್ಟ ಕೂಲಿಯನ್ನು ಮರಳಿ ಕೇಳಿದೆನು, ಅರ್ಧ ಬಂದಿತು.

ನಾಳೆ ಲೇತ್ ಅಂಗಡಿಗೆ ಒಯ್ದು, ತೂತನ್ನು ಹಿಗ್ಗಿಸಿ ಹೊಸ ಥ್ರೆಡ್ ಹಾಕಿಸಬೇಕಾಗಿದೆ. ಅಲ್ಲಿಯವರೆಗೆ ಗಾಡಿಯ ಕೆಳಗೊಂದು ಹಳೆಯ ತಟ್ಟೆಯನ್ನಿಟ್ಟಿದ್ದೇನೆ.