ಹೊಸ ಡಬ್ಬಿ, ಹಳೇ ಹೆಸರು

ರೂಟರ್ ಬದಲಾದ ದಿನವೇ ಗೊತ್ತಾಗುವುದು, ಮನೆಯಲ್ಲಿ ವೈಫೈ ನೆಚ್ಚಿಕೊಂಡ ಜೀವಗಳು ಎಷ್ಟಿವೆ ಅಂತ. ಸಿಂಧಘಟ್ಟದ ನಮ್ಮ ಮನೆಯ ಹಳೇ ರೂಟರನ್ನು ಸಿಡಿಲು ಸುಟ್ಟಿತು. ಕೆ.ಆರ್. ಪೇಟೆಯಿಂದ ಬಂದ ಹುಡುಗ ಹೊಸ ಡಬ್ಬಿ ತೂಗುಹಾಕಿ, ಹಸಿರು ದೀಪ ತೋರಿಸಿ, ಬೈಕು ಹತ್ತಿದ. ಟಿವಿ, ಮೊಬೈಲು, ಜಗಲಿಯ ಬಲ್ಬು, ಕೊಟ್ಟಿಗೆಯ ಕ್ಯಾಮೆರಾ ಯಾವುದೂ ಆ ಡಬ್ಬಿಯತ್ತ ತಿರುಗಿಯೂ ನೋಡಲಿಲ್ಲ.

ಅಪ್ಪನ ರೇಡಿಯೊಗೆ ಈ ಬಿಗುಮಾನ ಇರಲಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಶುರುಮಾಡಿದ ಆಕಾಶವಾಣಿ, ಕಿವಿ ಹಿಂಡಿದರೆ ಸಾಕು, ನಮ್ಮ ಪಡಸಾಲೆಗೂ ಬರುತ್ತಿತ್ತು. ಪೋಸ್ಟಾಫೀಸಿನಲ್ಲಿ ವರ್ಷಾವರ್ಷ ಲೈಸೆನ್ಸಿನ ದುಡ್ಡು ಕಟ್ಟಬೇಕಿತ್ತು, ನಿಜ. ಆದರೆ ರೇಡಿಯೊ ಯಾರ ಗುರುತನ್ನೂ ಕೇಳುತ್ತಿರಲಿಲ್ಲ.

ಈಗಿನ ಯಂತ್ರಗಳು ನೆನಪಿಟ್ಟುಕೊಳ್ಳುವುದು ಎರಡೇ: ವೈಫೈ ಹೆಸರು, ಪಾಸ್‌ವರ್ಡು. ಹೊಸ ಡಬ್ಬಿಗೂ ಅವನ್ನೇ ಅಕ್ಷರ ತಪ್ಪದೆ ಇಟ್ಟರೆ, ತಾತನ ಹೆಸರಿಟ್ಟುಕೊಂಡ ಮೊಮ್ಮಗನನ್ನು ಊರು ಒಪ್ಪಿಕೊಂಡಂತೆ, ಎಲ್ಲವೂ ತಾವಾಗಿ ಬಂದು ಸೇರುತ್ತವೆ.

ಬೆಂಗಳೂರಿನಿಂದ ಮಗ ಫೋನಿನಲ್ಲೇ ತಕರಾರು ತೆಗೆದ. “ಆ ಪಾಸ್‌ವರ್ಡು ಬೀದಿಗೆಲ್ಲ ಗೊತ್ತು, ಬದಲಾಯಿಸಿ.” ಗೊತ್ತಿರದೆ ಏನು? ಎಂಟಕ್ಷರಕ್ಕೆ ಕಮ್ಮಿಯಾದರೆ ರೂಟರ್ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಐದಕ್ಷರದ ಗೌರಿಗೆ 123 ಸೇರಿಸಿದವನು ಅವನೇ. ಗೌರಿ ಹೇಮಗಿರಿ ದನದ ಜಾತ್ರೆಯಿಂದ ತಂದ ಹಸು. 2020ರಲ್ಲಿ ಶಾಲೆ ಮುಚ್ಚಿದಾಗ ಬೀದಿಯ ಮಕ್ಕಳೆಲ್ಲ ನಮ್ಮ ಜಗಲಿಯಲ್ಲಿ ಕೂತು ಅವಳ ಹೆಸರು ಒತ್ತಿಯೇ ಪಾಠ ಕೇಳಿದ್ದು.

ಅವ್ವ ಅಡುಗೆಮನೆಯಿಂದಲೇ ಅಂದಳು: “ಹೆಸ್ರು ತೆಗೀಬ್ಯಾಡ ಕಣ್ಲಾ. ಅದೊಂದಾದ್ರೂ ಇರ್ಲಿ.”

ಇಟ್ಟೆ. ಟಿವಿ ಬಂತು, ಮೊಬೈಲು ಬಂದವು, ಬಲ್ಬು ಹತ್ತಿತು. ಕೊಟ್ಟಿಗೆಯ ಕ್ಯಾಮೆರಾ ಮಾತ್ರ ಮುನಿಸು ಬಿಡಲಿಲ್ಲ. ಅದಕ್ಕೆ 5 ಗಿಗಾಹರ್ಟ್ಸ್ ತಿಳಿಯದು, 2.4 ಒಂದೇ ಗೊತ್ತು. ನಮ್ಮ ದಪ್ಪ ಮಣ್ಣಿನ ಗೋಡೆ ದಾಟುವುದಕ್ಕೂ ಅದೇ ಮೇಲು. ಹೊಸ ಡಬ್ಬಿಯ ಡಬ್ಲ್ಯುಪಿಎ3 ಬೀಗವೂ ಕ್ಯಾಮೆರಾಕ್ಕೆ ಹೊಸದು. ಬೀಗವನ್ನು ಡಬ್ಲ್ಯುಪಿಎ2ಕ್ಕೆ ಇಳಿಸಿದೆ. ಮೊಬೈಲಿನಲ್ಲಿ ಕೊಟ್ಟಿಗೆ ಮೂಡಿತು: ಹಗ್ಗ ತಿಕ್ಕಿ ತಿಕ್ಕಿ ನುಣುಪಾದ ಖಾಲಿ ಗೂಟ, ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಗೌರಿಯ ಕಡಸು. ಈ ಕಡಸನ್ನು ಅವಳು ಈಯುವ ರಾತ್ರಿ ಕಾಯಲೆಂದೇ ಆ ಕ್ಯಾಮೆರಾ ಹಾಕಿಸಿದ್ದು.

ಸಂಜೆ ರೂಟರಿನ ಪಟ್ಟಿ ತೆಗೆದರೆ ನಮ್ಮದಲ್ಲದ ಮೊಬೈಲುಗಳೂ ಕೂತಿದ್ದವು. ಜಗಲಿಯ ಮಕ್ಕಳು ಈಗ ಕಾಲೇಜಿನವರು. ರಸ್ತೆಯಲ್ಲಿ ಕಂಡರೆ ತಲೆ ಎತ್ತುವುದಿಲ್ಲ, ಅವರ ಫೋನುಗಳು ಮಾತ್ರ ಹಾದುಹೋಗುವಾಗ ನಮ್ಮ ಮನೆಯನ್ನು ಗುರುತು ಹಿಡಿಯುತ್ತವೆ.

ಮಗನ ಸಮಾಧಾನಕ್ಕೆ ಅದೇ ಡಬ್ಬಿಯಲ್ಲಿ ಇನ್ನೊಂದು ವೈಫೈ ತೆರೆದು, ದೊಡ್ಡಕ್ಷರ, ಚಿಕ್ಕಕ್ಷರ, ನಕ್ಷತ್ರ ಬೆರೆಸಿದ ಗಟ್ಟಿ ಪಾಸ್‌ವರ್ಡು ಕೊಟ್ಟಿದ್ದೇನೆ. ಅದು ಅತ್ಯಂತ ಸುರಕ್ಷಿತ. ನಮಗ್ಯಾರಿಗೂ ನೆನಪಿಲ್ಲ. ರಜೆಗೆ ಬಂದ ಮಗನೂ ಗೌರಿಯನ್ನೇ ಹಿಡಿದುಕೊಂಡಿದ್ದಾನೆ.