ಹಿತ್ತಿಲ ಹಾಪ್ಸ್: ಒಂದು ವರ್ಷದ ದಿನಚರಿ

ಮಾರ್ಚ್ 10, 2024
ಕೊರ್ವಾಲಿಸ್, ಆರೆಗನ್

ಮಳೆ ಸ್ವಲ್ಪ ಬಿಟ್ಟಿತ್ತು. ಹಿತ್ತಿಲಿಗೆ ಹೋಗಿ ಹಾಪ್ಸ್ ಬುಡದ ತರಗೆಲೆ ಸರಿಸಿದೆ. ನೇರಳೆ ಮೂತಿಯ ಮೊಳಕೆಗಳು ಮಣ್ಣೊಡೆದು ಬಂದಿವೆ. ಚಳಿಗಾಲದುದ್ದಕ್ಕೂ ಅಲ್ಲಿ ಬಳ್ಳಿ ಇತ್ತೆಂಬ ಕುರುಹೇ ಇರಲಿಲ್ಲ. ಹಾಪ್ಸ್ ಹಾಗೆಯೇ: ನೆಲದ ಮೇಲಿನದೆಲ್ಲ ಪ್ರತಿ ವರ್ಷ ಒಣಗಿ ಹೋಗುತ್ತದೆ, ನೆಲದೊಳಗಿನ ಗಡ್ಡೆಬೇರು ಮಾತ್ರ ವರ್ಷಾನುಗಟ್ಟಲೆ ಬದುಕುತ್ತದೆ. ಚಳಿಗಾಲವನ್ನು ಆ ಬೇರು ನಿದ್ದೆಯಲ್ಲಿ ಕಳೆಯುತ್ತದೆ.

ನಮ್ಮದು ಕ್ಯಾಸ್ಕೇಡ್ ತಳಿ. ಇದೇ ಊರಿನಲ್ಲಿ ಹುಟ್ಟಿದ್ದು. ಅಮೆರಿಕದ ಕೃಷಿ ಇಲಾಖೆಯವರು ಇಲ್ಲಿನ ವಿಶ್ವವಿದ್ಯಾಲಯದ ಜೊತೆ ಸೇರಿ 1956ರಲ್ಲಿ ಆರಂಭಿಸಿದ ಸಸಿಯಿಂದ ಬೆಳೆಸಿ, 1972ರಲ್ಲಿ ರೈತರಿಗೆ ಕೊಟ್ಟರು. ಪೂರ್ವಕ್ಕಿರುವ ಪರ್ವತಸಾಲಿನ ಹೆಸರನ್ನೇ ಇಟ್ಟರು. ಹಿತ್ತಿಲಿಗೆ ಇದಕ್ಕಿಂತ ಹೊಂದುವ ತಳಿ ಇಲ್ಲ. ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಇಳುವರಿಯೂ ಚೆನ್ನ.

ಹಾಪ್ಸ್ ಬೆಳೆಯುವುದು ಹೆಚ್ಚಾಗಿ ಬಿಯರಿಗೆ ಕಹಿ, ಪರಿಮಳ ಕೊಡಲು. ನಮ್ಮ ಮನೆಯಲ್ಲಿ ಬಿಯರ್ ಕುಡಿಯುವವರಿಲ್ಲ. ಮತ್ತೆ ಈ ಬಳ್ಳಿ ಯಾಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಒಂದು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಯಾವ ತಿಂಗಳು ಬಳ್ಳಿ ಏನು ಬೇಡಿತು, ಏನು ಕೊಟ್ಟಿತು ಎಂದು ಈ ವರ್ಷ ಬರೆದಿಡಬೇಕು.

ಏಪ್ರಿಲ್ 9, ಯುಗಾದಿ

ಹಬ್ಬದ ಊಟಕ್ಕೆ ಹಾಪ್ಸ್ ಚಿಗುರಿನ ತಂಬುಳಿ ಮಾಡಿದೆ. ಗೇಣುದ್ದ ಬಂದ ಚಿಗುರಿನ ತುದಿಯನ್ನಷ್ಟೇ ಚಿವುಟಿ, ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಶಿರಸಿಯ ಮನೆಯಲ್ಲಿ ಯಾವ ಚಿಗುರು ಸಿಕ್ಕರೂ ಅಮ್ಮ ಮಾಡುತ್ತಿದ್ದ ಕ್ರಮ ಇದೇ. ಹಸಿರು ರುಚಿ, ಕೊನೆಯಲ್ಲಿ ತೆಳುವಾದ ಕಹಿ. ಮಿಕ್ಕ ಚಿಗುರು ರಾತ್ರಿ ಪಲ್ಯಕ್ಕೆ.

ಬೆಲ್ಜಿಯಂನ ಪೊಪೆರಿಂಗೆ ಸುತ್ತಮುತ್ತ ಮಣ್ಣಿನೊಳಗೇ ಬಿಳಿಯಾಗಿ ಬೆಳೆಸಿದ ಹಾಪ್ಸ್ ಚಿಗುರಿಗೆ ಭಾರೀ ಬೆಲೆ. ಇಟಲಿಯ ವೆನೆಟೊ ಕಡೆ ಬೇಲಿಸಾಲಿನ ಕಾಡು ಹಾಪ್ಸ್ ಚಿಗುರು ಕೊಯ್ದು ಅನ್ನದ ರಿಸೊಟ್ಟೊ ಮಾಡುತ್ತಾರೆ. ರೋಮಿನ ಪ್ಲಿನಿಯ ಕಾಲದಲ್ಲೇ ಇದನ್ನು ತಿನ್ನುತ್ತಿದ್ದರು. ಬಿಯರಿಗೆ ಹಾಪ್ಸ್ ಹಾಕುವುದು ಯುರೋಪಿನಲ್ಲಿ ರೂಢಿಯಾದದ್ದು ಅದಕ್ಕೆ ಎಷ್ಟೋ ಶತಮಾನಗಳ ನಂತರ. ಅಂದರೆ ಬಳ್ಳಿ ಮೊದಲು ಅಡುಗೆಮನೆಗೆ ಬಂತು, ಭಟ್ಟಿಗೆ ಹೋದದ್ದು ಆಮೇಲೆ.

ಚಿವುಟುವುದು ಬಳ್ಳಿಗೂ ಒಳ್ಳೆಯದು. ಮೊದಲ ಸುತ್ತಿನ ಚಿಗುರು ಒಳಗೆ ಟೊಳ್ಳು, ಭರದಿಂದ ಬೆಳೆದರೂ ಫಸಲು ಕಡಿಮೆ. ಅದನ್ನು ತೆಗೆದರೆ ಎರಡನೆಯ ಸುತ್ತಿನವು ಗಟ್ಟಿಯಾಗಿ ಬರುತ್ತವೆ. ನೆಲದಲ್ಲಿ ಚಳಿಗಾಲ ಕಳೆದ ಬೂಷ್ಟು ರೋಗವೂ ಮೊದಲ ಚಿಗುರಿನ ಜೊತೆಗೇ ಹೊರಗೆ ಹೋಗುತ್ತದೆ.

ಮೇ 5

ಇವತ್ತು ಹಗ್ಗ ಕಟ್ಟಿ ಬಳ್ಳಿ ಹತ್ತಿಸಿದೆವು. ಹಗ್ಗ ತೆಂಗಿನ ನಾರಿನದು. ಇಲ್ಲಿನ ದೊಡ್ಡ ಹಾಪ್ಸ್ ತೋಟಗಳಲ್ಲೂ ಇದೇ ಕತ್ತದ ಹುರಿ, ಬಹುಪಾಲು ಶ್ರೀಲಂಕಾದಿಂದ ಬರುತ್ತದೆ. ಬಳ್ಳಿಗೆ ಹಿಡಿತ ಸಿಗುವಷ್ಟು ಒರಟು; ಕೊಯ್ಲಿನ ಭಾರ ತಾಳುತ್ತದೆ; ಕೊನೆಗೆ ಬಳ್ಳಿಯ ಜೊತೆಗೇ ಗೊಬ್ಬರವಾಗುತ್ತದೆ. ತೆಂಗಿನಮರ ಕಂಡೇ ಇರದ ರೈತರು ವರ್ಷವರ್ಷವೂ ತೆಂಗಿನ ನಾರಿನ ಮೇಲೆ ತಮ್ಮ ಬೆಳೆ ಹತ್ತಿಸುತ್ತಾರೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಒಂದು ಬುಡದಿಂದ ಹತ್ತಾರು ಕುಡಿಗಳೆದ್ದಿವೆ. ಹುರಿಯೊಂದಕ್ಕೆ ಮೂರನ್ನು ಬಿಟ್ಟು ಉಳಿದದ್ದೆಲ್ಲ ನೆಲಮಟ್ಟಕ್ಕೆ ಕತ್ತರಿಸಿದೆ. ಅಡಿಕೆಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಗೆಣ್ಣಿನ ಬೇರೂರಿ ಅಂಟಿಕೊಳ್ಳುತ್ತದೆ. ಹಾಪ್ಸಿಗೆ ಅಂಥ ಬೇರಿಲ್ಲ, ಹಬ್ಬುತಂತುವೂ ಇಲ್ಲ. ಕಾಂಡದ ತುಂಬ ಕೊಕ್ಕೆಯಂಥ ಬಿರುಸು ರೋಮ, ಅದನ್ನೂರಿ ಮೈಯನ್ನೇ ಸುತ್ತಿಕೊಂಡು ಏರುತ್ತದೆ. ಸುತ್ತುವುದು ಪ್ರದಕ್ಷಿಣೆಯಾಗಿ ಮಾತ್ರ. ಅಪ್ರದಕ್ಷಿಣೆಯಾಗಿ ಸುತ್ತಿಬಿಟ್ಟರೆ ತಾನೇ ಬಿಚ್ಚಿಕೊಂಡು ಕೆಳಗೆ ಬೀಳುತ್ತದೆ. ಮಗಳಿಗೆ ಇದನ್ನು ಹೇಳಿಕೊಟ್ಟೆ. ಪ್ರತಿ ಕುಡಿಯನ್ನೂ ಅವಳೇ ಹುರಿಗೆ ಸುತ್ತಿದಳು.

ಜೂನ್ 20

ವರ್ಷದ ಅತಿ ದೀರ್ಘ ಹಗಲು. ಇಲ್ಲಿ ಹದಿನೈದೂವರೆ ಗಂಟೆ ಬೆಳಕು. ಬಳ್ಳಿ ಸೂರಿನ ಅಂಚು ಮುಟ್ಟಿದೆ. ಭರದ ದಿನಗಳಲ್ಲಿ ಇದು ದಿನಕ್ಕೆ ಒಂದಡಿ ಬೆಳೆಯಬಲ್ಲದು. ಅಡುಗೆಮನೆಯ ದಕ್ಷಿಣದ ಕಿಟಕಿಗೆ ಹಸಿರು ತೆರೆ ಬಿದ್ದು ಒಳಗೆ ತಂಪು. ಬಿಸಿಲು ಬೇಕಾಗುವ ಚಳಿಗಾಲಕ್ಕೆ ಈ ತೆರೆ ತಾನಾಗಿ ಇರುವುದಿಲ್ಲ.

ರಾತ್ರಿ ಶಿರಸಿಯಿಂದ ತಮ್ಮ ಫೋನ್ ಮಾಡಿದ್ದ. ಮುಂದಿನ ಸಲ ಬರುವಾಗ ಒಂದು ಬೇರು ತಂದುಕೊಡು, ಬೆಟ್ಟದಲ್ಲಿ ಹಾಕುತ್ತೇನೆ ಎಂದ. ಕ್ವಾರಂಟೈನ್ ಕಾನೂನು ಒಪ್ಪುವುದಿಲ್ಲ ಎಂಬುದು ಹಾಗಿರಲಿ, ಗಿಡವೇ ಒಪ್ಪುವುದಿಲ್ಲ ಎಂದು ವಿವರಿಸಿದೆ. ಹಾಪ್ಸ್ ಬೆಳೆಯುವ ಸೀಮೆ ಹೆಚ್ಚುಕಡಿಮೆ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ. ದೀರ್ಘ ಹಗಲಿನಲ್ಲಿ ಬಳ್ಳಿ ಮೈ ಬೆಳೆಸಿಕೊಂಡು, ಹಗಲು ಕುಗ್ಗತೊಡಗಿದ ಮೇಲೆ ಹೂವಿಗೆ ತಿರುಗುತ್ತದೆ. ಶಿರಸಿಯಲ್ಲಿ ಜೂನಿನ ಹಗಲೂ ಸುಮಾರು ಹದಿಮೂರೇ ಗಂಟೆ; ಬಳ್ಳಿ ಮೊಳಕಾಲುದ್ದ ಇರುವಾಗಲೇ ಹೂವಿಗೆ ಆತುರಪಡುತ್ತದೆ, ಫಸಲು ನಿಲ್ಲುವುದಿಲ್ಲ. ಭಾರತದಲ್ಲಿ ಇದಕ್ಕೆ ಒಗ್ಗಿದ್ದು ಹಿಮಾಚಲದ ಲಾಹೌಲ್‌ನಂಥ ಎತ್ತರದ ಕಣಿವೆಗಳು. ಅವನಿಗೆ ಬೇಸರವಾಯಿತು. ಮಣ್ಣು, ಗೊಬ್ಬರ, ನೀರು ಎಲ್ಲ ಕೊಡಬಹುದು ತಮ್ಮಾ, ಹಗಲನ್ನು ಉದ್ದ ಮಾಡಿಕೊಡುವುದು ಹೇಗೆ?

ಜುಲೈ 14

ಎಲೆಕಂಕುಳಲ್ಲಿ ಬಿಳಿ ಎಳೆಗಳ ಪುಟ್ಟ ಹೂಗಳು ಕಾಣಿಸಿವೆ. ಇವೇ ಬಲಿತು ಕೋನ್ ಆಗುತ್ತವೆ. ಹಾಪ್ಸಿನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಕೋನ್ ಬಿಡುವುದು ಹೆಣ್ಣು ಮಾತ್ರ. ಗಂಡು ಹತ್ತಿರವಿದ್ದರೆ ಕೋನ್ ತುಂಬ ಬೀಜ ಕಟ್ಟುತ್ತದೆ. ಅದಕ್ಕೇ ಬೀಜದಿಂದ ಸಸಿ ಮಾಡದೆ ಹೆಣ್ಣು ಬಳ್ಳಿಯ ಬೇರನ್ನೇ ನೆಡುವುದು.

ಕೆಳಗಿನ ಮೂರಡಿಯ ಎಲೆಯೆಲ್ಲ ತೆಗೆದೆ. ಗಾಳಿಯಾಡಿದರೆ ಬೂಷ್ಟಿಗೆ ನೆಲೆ ಸಿಗುವುದಿಲ್ಲ, ಮಣ್ಣಿನ ಸಿಡಿತವೂ ಎಲೆಗೆ ತಾಗುವುದಿಲ್ಲ. ಎಲೆಯಡಿ ಹೇನು ಸ್ವಲ್ಪ ಇದೆ. ಹಾಪ್ಸ್ ಹೇನು ಚಳಿಗಾಲವನ್ನು ಪ್ಲಮ್ ಮರದಲ್ಲಿ ಕಳೆದು ಬೇಸಿಗೆಗೆ ಇಲ್ಲಿಗೆ ಬರುತ್ತದೆ. ಬೇಲಿಯಾಚೆ ಪ್ಲಮ್ ಇದ್ದೇ ಇದೆ. ಗುಲಗಂಜಿ ಹುಳಗಳು ಕೆಲಸ ಶುರುಮಾಡಿವೆಯಾದ್ದರಿಂದ ನಾನು ಏನೂ ಸಿಂಪಡಿಸಲಿಲ್ಲ. ಇನ್ನೆರಡು ತಿಂಗಳು ಇಲ್ಲಿ ಮಳೆ ಅಪರೂಪ. ಬುಡಕ್ಕೆ ಹನಿನೀರು, ಮೇಲೆ ದಪ್ಪಗೆ ದರಕು. ಒಣಗಿದರೆ ಕೆಂಪು ನುಸಿ ಬರುತ್ತದೆ.

ಆಗಸ್ಟ್ 29

ಕೊಯ್ಲು. ತಿಂಗಳ ಮಧ್ಯದಿಂದ ದಿನವೂ ಒಂದು ಕೋನ್ ಹಿಸುಕಿ ನೋಡುತ್ತಿದ್ದೆ. ಹಸಿಯಾಗಿದ್ದಾಗ ತೇವ, ಮೆತ್ತಗೆ. ಬಲಿತ ಮೇಲೆ ಹಗುರ, ಹಿಸುಕಿ ಬಿಟ್ಟರೆ ಮತ್ತೆ ಅರಳುತ್ತದೆ, ಕಾಗದದಂತೆ ಸದ್ದು ಮಾಡುತ್ತದೆ. ಸೀಳಿದರೆ ಪಕಳೆಯ ಬುಡದಲ್ಲಿ ಅಚ್ಚ ಹಳದಿ ಪುಡಿ. ಅದೇ ಲುಪುಲಿನ್, ಹಾಪ್ಸಿನ ಕಹಿ, ಪರಿಮಳ ಎರಡೂ ಅದರಲ್ಲಿ. ಕೈಯಲ್ಲಿ ಉಜ್ಜಿದರೆ ಚಕ್ಕೋತದ ಸಿಪ್ಪೆಯ ವಾಸನೆ, ಆಮೇಲೆ ಹೂವಿನದು, ಕೊನೆಗೆ ರಾಳದ ಘಮ. ಬೆರಳು ಅಂಟಾಗಿ ಸಂಜೆಯವರೆಗೂ ಬಿಡಲಿಲ್ಲ.

ಉದ್ದ ತೋಳಿನ ಅಂಗಿ ಹಾಕಿಕೊಂಡೇ ಕೊಯ್ಯಬೇಕು. ಬರಿಗೈಗೆ ಬಳ್ಳಿ ತರಚಿದರೆ ಕೆಂಪು ಗೀರು, ತುರಿಕೆ. ಬಳ್ಳಿ ಕತ್ತರಿಸಿ ಇಳಿಸಿ, ಜಗಲಿಯಲ್ಲಿ ಎಲ್ಲರೂ ಸುತ್ತ ಕೂತು ಕೋನ್ ಬಿಡಿಸಿದೆವು. ಎರಡು ಬಕೆಟ್ ಹಸಿ ಕೋನ್ ಪಕ್ಕದ ಮನೆಗೆ ಕೊಟ್ಟೆ. ಅವರು ಮನೆಯಲ್ಲೇ ಬಿಯರ್ ಮಾಡುತ್ತಾರೆ. ಕೊಯ್ದು ಒಂದು ದಿನದೊಳಗೆ ಹಸಿಯಾಗಿಯೇ ಹಾಕುವ ಬಿಯರ್ ಈ ಸೀಮೆಯ ಸುಗ್ಗಿಯ ವಿಶೇಷ. ಕಹಿ ಬೇಕಾದರೆ ಹಾಪ್ಸನ್ನು ಸುಮಾರು ಒಂದು ಗಂಟೆ ಕುದಿಸಬೇಕಂತೆ, ಆಗ ಆಲ್ಫಾ ಆಮ್ಲ ರೂಪ ಬದಲಿಸಿ ನೀರಿಗಿಳಿಯುತ್ತದೆ. ಪರಿಮಳ ಬೇಕಾದರೆ ಒಲೆ ಆರಿಸುವ ಹೊತ್ತಿಗೆ, ಇಲ್ಲದಿದ್ದರೆ ಎಣ್ಣೆ ಹಾರಿಹೋಗುತ್ತದೆ. ಒಗ್ಗರಣೆಯನ್ನು ಕೊನೆಗೆ ಹಾಕುವ ನಮಗೆ ಇದು ಕೂಡಲೇ ಅರ್ಥವಾಗುವ ಮಾತು.

ಕುದಿಸಿ ಸೋಸಿದ ಗಸಿಯನ್ನು ಮುಚ್ಚಿದ ತೊಟ್ಟಿಗೇ ಹಾಕಿ ಎಂದು ಅವರಿಗೆ ಮತ್ತೆ ನೆನಪಿಸಿ ಬಂದೆ. ಹಾಪ್ಸ್ ತಿಂದ ನಾಯಿಗೆ ಮೈಬಿಸಿ ವಿಪರೀತ ಏರಿ ಪ್ರಾಣವೇ ಹೋಗಬಹುದು. ಅವರ ನಾಯಿ ದಿನವೂ ನಮ್ಮ ಹಿತ್ತಿಲಿಗೆ ಬರುತ್ತದೆ. ಈ ವಾರ ಅದಕ್ಕೆ ಪ್ರವೇಶವಿಲ್ಲ.

ಸೆಪ್ಟೆಂಬರ್ 2

ಒಣಗಿಸುವುದು ಮುಗಿಯಿತು. ಹಸಿ ಕೋನ್ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಕಿಟಕಿಯ ಜಾಲರಿಯ ಮೇಲೆ ತೆಳ್ಳಗೆ ಹರವಿ ಕೆಳಗಿನಿಂದ ಫ್ಯಾನ್ ಇಟ್ಟಿದ್ದೆ. ಬಿಸಿಲಿಗೆ ಇಡಬಾರದು, ಪರಿಮಳ ಹೋಗುತ್ತದೆ. ನಡುವಿನ ಕಡ್ಡಿ ಬಾಗದೆ ಪಟ್ಟನೆ ಮುರಿದರೆ ಆಯಿತೆಂದು ಲೆಕ್ಕ. ಗಾಳಿ ತೆಗೆದು ಚೀಲಕ್ಕೆ ಕಟ್ಟಿ ಫ್ರೀಜರಿನಲ್ಲಿಟ್ಟೆ. ಹೊರಗಿಟ್ಟರೆ ಹಳೆಯ ಚೀಸಿನ ನಾತ ಬರುತ್ತದೆ.

ಸೆಪ್ಟೆಂಬರ್ 15

ಇಂಡಿಪೆಂಡೆನ್ಸ್ ಊರಿಗೆ ಹೋಗಿದ್ದೆವು, ನಮ್ಮಿಂದ ಅರ್ಧ ಗಂಟೆಯ ದಾರಿ. ವಿಲಮೆಟ್ ನದಿಯ ದಂಡೆಯ ಈ ಚಿಕ್ಕ ಊರು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ತನ್ನನ್ನು ಜಗತ್ತಿನ ಹಾಪ್ಸ್ ರಾಜಧಾನಿ ಎಂದು ಕರೆದುಕೊಂಡಿತ್ತು. ಕೊಯ್ಲಿಗೆ ಕುಟುಂಬ ಕುಟುಂಬಗಳೇ ಬಂದು ಡೇರೆ ಹಾಕುತ್ತಿದ್ದವು. ಮೂಲನಿವಾಸಿಗಳು, ಚೀನೀಯರು, ಜಪಾನೀಯರು, ಆಮೇಲೆ ಮೆಕ್ಸಿಕೋದವರು. ಬಿಡಿಸುವ ಯಂತ್ರ ಬಂದ ಮೇಲೆ ಆ ಜನಸಂದಣಿ ಕರಗಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆರೆಗನ್‌ನಲ್ಲಿ 1916ರಿಂದಲೇ ಪಾನನಿಷೇಧವಿತ್ತು, 1920ರಿಂದ 1933ರವರೆಗೆ ದೇಶಕ್ಕೆಲ್ಲ. ಆದರೂ ಈ ಕಣಿವೆಯ ರೈತರು ಹಾಪ್ಸ್ ಬೆಳೆಯುತ್ತಲೇ ಇದ್ದರು, ಹಡಗಿನಲ್ಲಿ ಹೊರದೇಶಕ್ಕೆ ಕಳಿಸುತ್ತಿದ್ದರು. ತಾವು ಕುಡಿಯುವಂತಿರದಿದ್ದರೂ ಬೆಳೆಯನ್ನು ಕೈಬಿಡದ ಆ ಜನ ನನಗೆ ಹತ್ತಿರದವರೆನಿಸಿದರು.

ನವೆಂಬರ್ 24

ಹಾಪ್ಸ್ ನೀರಿನ ಬ್ರೆಡ್. ಅಂಗಡಿಯ ಯೀಸ್ಟ್ ಸಿಗುವ ಮುಂಚೆ ಇಲ್ಲಿಗೆ ವಲಸೆ ಬಂದ ಹೆಂಗಸರು ಮಾಡುತ್ತಿದ್ದ ಕ್ರಮ: ಒಂದು ಹಿಡಿ ಹಾಪ್ಸ್ ಕುದಿಸಿ ಸೋಸಿ, ಆ ನೀರಿಗೆ ಬೇಯಿಸಿದ ಆಲೂಗಡ್ಡೆ, ಹಿಟ್ಟು, ಸಕ್ಕರೆ, ಉಪ್ಪು ಕಲಸಿ, ಹಿಂದಿನ ಸಲದ ಹುದುಗು ಸ್ವಲ್ಪ ಸೇರಿಸಿ ಇಡುವುದು. ಹಾಪ್ಸಿನ ಆಮ್ಲಗಳು ಹಿಟ್ಟನ್ನು ಹುಳಿಮಾಡುವ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ, ಯೀಸ್ಟನ್ನು ಬಿಡುತ್ತವೆ. ಹಾಗಾಗಿ ಹುದುಗು ದಿನಗಟ್ಟಲೆ ಕೆಡುವುದಿಲ್ಲ. ಬಿಯರ್ ಕೆಡದಂತೆ ಕಾಯುವ ಗುಣವೂ ಇದೇ.

ನಮ್ಮ ಇಡ್ಲಿ ಹಿಟ್ಟಿಗೆ ಬೇಕಾದದ್ದು ಸರಿಯಾಗಿ ಆ ಹುಳಿ ಬ್ಯಾಕ್ಟೀರಿಯಾಗಳೇ! ಅದಕ್ಕೇ ಬ್ರೆಡ್ಡಿನ ಪಾತ್ರೆ ಬೇರೆ, ಇಡ್ಲಿಯ ಪಾತ್ರೆ ಬೇರೆ ಇಟ್ಟಿದ್ದೇನೆ.

ಜನವರಿ 12, 2025

ಅತ್ತೆಗೆ ಹಾಪ್ಸ್ ದಿಂಬು ಹೊಲಿದೆ. ಹತ್ತಿಯ ಚೀಲದಲ್ಲಿ ಒಣ ಕೋನ್, ಜೊತೆಗೆ ಲ್ಯಾವೆಂಡರ್. ತಲೆದಿಂಬಿನ ಪಕ್ಕದಲ್ಲಿಡುವ ಅಳತೆ. ನಿದ್ದೆಗೆ ಹಾಪ್ಸ್ ಬಳಸುವುದು ಯುರೋಪಿನಲ್ಲಿ ಹಳೆಯ ವಾಡಿಕೆ. ಅಲ್ಲಿನ ಔಷಧ ಸಂಸ್ಥೆ ಇದನ್ನು ಬಹುಕಾಲದ ಬಳಕೆಯ ಆಧಾರದ ಮೇಲೆ ಒಪ್ಪಿದೆಯೇ ಹೊರತು ಪ್ರಯೋಗದ ಸಾಕ್ಷ್ಯದ ಮೇಲಲ್ಲ. ಅತ್ತೆ ರಾತ್ರಿ ಮಾತ್ರೆ ತೆಗೆದುಕೊಳ್ಳುವವರು, ಆದ್ದರಿಂದ ಹಾಪ್ಸ್ ಕಷಾಯ ಕೊಡುವುದಿಲ್ಲ, ದಿಂಬು ಮಾತ್ರ. ವಾಸನೆ ಹಿಡಿಸಿತು ಎಂದರು.

ಮಾರ್ಚ್ 8

ಬೇರು ಬಿಡಿಸಿದೆ. ಅಗಲಕ್ಕೆ ಹರಡಿದ್ದನ್ನು ಸನಿಕೆಯಿಂದ ಕತ್ತರಿಸದಿದ್ದರೆ ಹಿತ್ತಿಲನ್ನೆಲ್ಲ ಆಕ್ರಮಿಸುತ್ತದೆ. ಗೇಣುದ್ದದ ತುಂಡುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟೆ, ಆರೆಗನ್‌ನದೇ ಸೇಲಂನಲ್ಲಿ ಹೊಸ ಮನೆ ಕಟ್ಟಿದ ಕನ್ನಡದ ಗೆಳತಿಗೆ. ಅವಳೂ ಕೇಳಿದ್ದಳು, ನಾವು ಕುಡಿಯುವವರಲ್ಲ, ನಮಗೇಕೆ ಎಂದು. ಉತ್ತರವಾಗಿ ಈ ಪುಟಗಳ ನಕಲನ್ನೇ ಕೊಡುತ್ತಿದ್ದೇನೆ: ತಂಬುಳಿ, ನೆರಳು, ಬ್ರೆಡ್ಡು, ದಿಂಬು, ನೆರೆಯವರ ಸ್ನೇಹ. ಕೊನೆಗೆ ಇಷ್ಟು ಸೇರಿಸಿದೆ:

ಬಿಸಿಲು ಬೀಳುವ ಗೋಡೆಯ ಬದಿ ಆರಿಸು. ನೀರು ನಿಲ್ಲಬಾರದು. ಮೊಳಕೆ ಮೇಲ್ಮುಖವಾಗಿರಲಿ, ಮೇಲೆ ಎರಡಿಂಚು ಮಣ್ಣು. ಒಂದು ಬುಡದಿಂದ ಇನ್ನೊಂದಕ್ಕೆ ಮೂರಡಿ. ಮೊದಲ ವರ್ಷ ಏನನ್ನೂ ಚಿವುಟಬೇಡ, ಕೋನ್ ಬಿಟ್ಟರೂ ಲೆಕ್ಕಕ್ಕೆ ಹಿಡಿಯಬೇಡ. ಆ ವರ್ಷ ಬೇರಿನದು. ಮೂರನೆಯ ವರ್ಷದಿಂದ ಮನೆಗೂ ನೆರೆಗೂ ಸಾಕಾಗುವಷ್ಟು ಕೊಡುತ್ತದೆ.